ಅನ್ಯರ ಕಥೆ, ನಮ್ಮವರ ನಾಲಗೆ

ಈಚಿನ ವರ್ಷಗಳಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಮತಾಂತರದ ಮಾತು ಮೇಲಿಂದ ಮೇಲೆ ಏಳುತ್ತಿರುವುದನ್ನು ವಾಚಕ ಮಹಾಶಯರು ಬಲ್ಲರು. 2021ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕರು ಈ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿದರು. ಮರುವರ್ಷ, ಅಂದರೆ 2022ರಲ್ಲಿ, ಸರಕಾರದವರು ಇದಕ್ಕೆಂದೇ ಒಂದು ಶಾಸನವನ್ನೂ ಮಾಡಿದರು. ಅದು ಬೇಕೆಂಬವರೂ ಬೇಡವೆಂಬವರೂ ತಮ್ಮ ತಮ್ಮ ವಾದವನ್ನು ಸಭೆಗಳಲ್ಲಿ ಸಾಕಷ್ಟು ಮಂಡಿಸಿದ್ದಾರೆ. ಬಲಾತ್ಕಾರದಿಂದಾಗಲಿ ಆಮಿಷದಿಂದಾಗಲಿ ಒಬ್ಬನ ದೇವರನ್ನು ಬದಲಿಸುವುದು ಅಧರ್ಮವೆಂಬುದರಲ್ಲಿ ಎರಡು ಮಾತಿಲ್ಲ. ಸ್ವೇಚ್ಛೆಯಿಂದ ನಂಬಿದವನನ್ನು ತಡೆಯುವುದೂ ಅಧರ್ಮವೆಂಬುದರಲ್ಲಿ ಎರಡು ಮಾತಿರಲಾಗದು. ಇಷ್ಟನ್ನು ಹೇಳಿ ಆ ವಾದವನ್ನು ಇಲ್ಲಿಗೇ ಬಿಡುತ್ತೇವೆ. ಏಕೆಂದರೆ ಈ ಗದ್ದಲದ ನಡುವೆ ಯಾರೂ ಕಿವಿಗೊಡದ ಸಂಗತಿಯೊಂದಿದೆ. ಅದು ಮತದ ಸಂಗತಿಯಲ್ಲ, ಭಾಷೆಯ ಸಂಗತಿ.

ಬೈಬಲಿನ ಕಥೆಗಳನ್ನು ಓದುಬರಹವಿಲ್ಲದ ಜನರ ನುಡಿಗಳಲ್ಲಿ ಧ್ವನಿಮುದ್ರಣ ಮಾಡಿ ಹಂಚುವುದನ್ನೇ ಉದ್ಯೋಗವಾಗಿಟ್ಟುಕೊಂಡ ಒಂದು ಸಂಸ್ಥೆಯಿದೆ. ಜಾಯ್ ರಿಡರ್‌ಹಾಫ್ ಎಂಬ ಅಮೆರಿಕದ ಮಹಿಳೆ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ ಮತಪ್ರಚಾರ ಮಾಡಿ, ರೋಗಪೀಡಿತಳಾಗಿ ಊರಿಗೆ ಮರಳಿದಳು. ತಾನು ಹೋಗಲಾರದ ಕಡೆಗೆ ತನ್ನ ಧ್ವನಿಯಾದರೂ ಹೋಗಲೆಂದು 1939ರಲ್ಲಿ ಲಾಸ್ ಏಂಜಲೀಸಿನಲ್ಲಿ ಅದನ್ನು ಸ್ಥಾಪಿಸಿದಳು. ಇಂದು ಅದು ಗ್ಲೋಬಲ್ ರೆಕಾರ್ಡಿಂಗ್ಸ್ ನೆಟ್‌ವರ್ಕ್ ಎಂಬ ಹೆಸರಿನಿಂದ ನಡೆಯುತ್ತಿದೆ. ಮೊದಲು ಗ್ರಾಮಫೋನು ತಟ್ಟೆ, ಬಳಿಕ ವಿದ್ಯುತ್ತಿಲ್ಲದ ಊರಿಗಾಗಿ ಕೈಯಿಂದಲೇ ತಿರುಗಿಸಬಹುದಾದ ರಟ್ಟಿನ ಯಂತ್ರ, ಆಮೇಲೆ ಕ್ಯಾಸೆಟ್ಟು, ಈಗ ಮೊಬೈಲ್ ಫೋನು. ಉಪಕರಣ ಬದಲಾಯಿತು, ಕೆಲಸ ಬದಲಾಗಲಿಲ್ಲ. ಆರು ಸಾವಿರಕ್ಕೂ ಮಿಕ್ಕಿದ ಭಾಷೆ ಹಾಗೂ ಉಪಭಾಷೆಗಳಲ್ಲಿ ತನ್ನ ಮುದ್ರಿಕೆಗಳಿವೆಯೆಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ನಮ್ಮ ತಾಂಡಾಗಳ ಲಂಬಾಣಿ ನುಡಿಯೂ ಅವುಗಳಲ್ಲಿ ಒಂದು.

ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು. ಆಫ್ರಿಕಾ ಖಂಡದಲ್ಲಿ ಸುಮಾರು ಎರಡು ಸಾವಿರ ಭಾಷೆಗಳಿವೆ. ನೈಜೀರಿಯಾ ದೇಶವೊಂದರಲ್ಲಿಯೇ ಐನೂರಕ್ಕೂ ಹೆಚ್ಚು. ಇವುಗಳಲ್ಲಿ ಅನೇಕವು ಕೆಲವೇ ಸಾವಿರ ಜನ ಆಡುವ ನುಡಿಗಳು. ಎಷ್ಟಕ್ಕೋ ಲಿಪಿಯಿಲ್ಲ, ಪಾಠಶಾಲೆಯಿಲ್ಲ, ಕಚೇರಿಯಲ್ಲಿ ಸ್ಥಾನವಿಲ್ಲ. ಧ್ವನಿಮುದ್ರಣಕಾರನು ಇಂಥ ಹಳ್ಳಿಗೆ ಹೋಗುತ್ತಾನೆ. ಅವನಿಗೆ ಆ ನುಡಿ ಬಾರದು. ಆದಕಾರಣ ಇಬ್ಬರಿಗೂ ತಿಳಿದ ನಡುಭಾಷೆಯೊಂದನ್ನು ಬಲ್ಲ ದುಭಾಷಿಯನ್ನು ಹುಡುಕುತ್ತಾನೆ. ಒಂದೊಂದೇ ವಾಕ್ಯವನ್ನು ದುಭಾಷಿಯ ಮುಖಾಂತರ ಹೇಳಿಸಿ, ಹಳ್ಳಿಯವನು ಅದನ್ನು ತನ್ನ ಮಾತಿನಲ್ಲಿ ಹೇಳಿದಾಗ ಮುದ್ರಿಸಿಕೊಳ್ಳುತ್ತಾನೆ. ಅನಂತರ ಅದನ್ನೇ ಮತ್ತೊಬ್ಬನಿಗೆ ಕೇಳಿಸಿ, ನಡುಭಾಷೆಗೆ ತಿರುಗಿ ಹೇಳಿಸಿ, ಅರ್ಥ ಕೆಟ್ಟಿದೆಯೋ ನೆಟ್ಟಗಿದೆಯೋ ಎಂದು ಪರೀಕ್ಷಿಸುತ್ತಾನೆ. ‘ಸುವಾರ್ತೆ’ ಎಂಬ ಅವರ ಕಥಾಮಾಲೆಗೆ ನಲವತ್ತು ಚಿತ್ರಗಳ ಪುಸ್ತಕವೊಂದುಂಟು. ಕೇಳುವವನು ಅಕ್ಷರವರಿಯದಿದ್ದರೂ ಚಿತ್ರವನ್ನು ನೋಡುತ್ತ, ತನ್ನ ತಾಯಿಯ ಮಾತಿನಲ್ಲಿ ಸೃಷ್ಟಿಯಿಂದ ಯೇಸುವಿನವರೆಗೆ ಕಥೆಯನ್ನು ಕೇಳುತ್ತಾನೆ. ಮನೆಯ ಹೊರಗೆ ಎಲ್ಲೆಲ್ಲಿಯೂ ಪರಭಾಷೆಯನ್ನೇ ಕೇಳಿದವನಿಗೆ, ಯಂತ್ರವೊಂದು ತನ್ನ ಮಾತನ್ನಾಡಿದರೆ ಆಗುವ ಸಂತೋಷವನ್ನು ಬೇರೆ ವರ್ಣಿಸಬೇಕಾಗಿಲ್ಲ.

ನಮ್ಮವರು ಇದನ್ನು ಕುತಂತ್ರವೆಂದು ಕರೆದು ಸುಮ್ಮನಾಗುತ್ತಾರೆ. ನಮಗೆ ಅಷ್ಟರಿಂದ ಸಮಾಧಾನವಾಗದು. ಅವರ ಉದ್ದೇಶ ಮತಪ್ರಚಾರವೆಂಬುದು ಗುಟ್ಟಲ್ಲ. ಅವರೇ ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಆದರೆ ಇಂಥ ಪ್ರಯತ್ನದ ಫಲ ಪ್ರಯತ್ನಪಟ್ಟವನ ಕೈಯಲ್ಲಿಯೇ ಉಳಿಯುವುದಿಲ್ಲವೆಂಬುದಕ್ಕೆ ಚರಿತ್ರೆ ಸಾಕ್ಷಿಯಾಗಿದೆ. ಕೆನ್ಯಾ ದೇಶದ ಕಿಕುಯು ಭಾಷೆಗೆ ಮಿಷನರಿಗಳು ಅಕ್ಷರ ಕೊಟ್ಟರು, ಬೈಬಲಿಗಾಗಿ. ಸ್ಕಾಟ್ಲೆಂಡಿನ ಮಿಷನ್ ಶಾಲೆಯಲ್ಲಿ ಕಲಿತ ಜೋಮೋ ಕೆನ್ಯಾಟಾ 1928ರಲ್ಲಿ ಅದೇ ಭಾಷೆಯಲ್ಲಿ ‘ಮುಯಿಗ್ವಿಥಾನಿಯಾ’ ಎಂಬ ಪತ್ರಿಕೆಯ ಸಂಪಾದಕನಾಗಿ ತನ್ನ ಜನರ ಕುಂದುಕೊರತೆಗಳನ್ನು ಬರೆದನು. 1963ರಲ್ಲಿ ಸ್ವತಂತ್ರ ಕೆನ್ಯಾದ ನಾಯಕನಾದನು. ಗ್ಯಾಂಬಿಯಾದಲ್ಲಿ ಹುಟ್ಟಿದ ವಿದ್ವಾಂಸ ಲಾಮಿನ್ ಸಾನೆ 1989ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನೇ ವಿಸ್ತಾರವಾಗಿ ಪ್ರತಿಪಾದಿಸಿದರು: ಧರ್ಮಗ್ರಂಥವನ್ನು ದೇಶಭಾಷೆಗೆ ತಂದವನು ತಾನರಿಯದೆಯೇ ಆ ಭಾಷೆಯ ಜನರಿಗೆ ಆತ್ಮಗೌರವವನ್ನೂ ತಂದುಕೊಡುತ್ತಾನೆ.

ಕನ್ನಡಿಗರಾದ ನಾವು ಇದನ್ನು ಆಫ್ರಿಕಾದಿಂದ ಕಲಿಯಬೇಕಾಗಿಲ್ಲ. ಮೊಳಕಾಲ್ಮೂರಿನ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತಂದರು. ಮಂಗಳೂರಿನ ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು; ಮರುವರ್ಷವೇ ಅದು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಇಂದು ವಾಚಕರು ಓದುತ್ತಿರುವ ಈ ಪತ್ರಿಕೆಯೂ ಸೇರಿದಂತೆ ಕನ್ನಡದ ಪತ್ರಿಕೆಗಳೆಲ್ಲವೂ ಆ ವಂಶದವೇ. ಅದೇ ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ ಪಂಡಿತರ ನಿಘಂಟು 1894ರಲ್ಲಿ ಹೊರಬಿದ್ದಿತು. ತಮ್ಮ ಕಥೆಯನ್ನು ಹೇಳಲು ಬಂದವರು ನಮ್ಮ ಮಾತನ್ನು ಕಲಿತರು. ಕಲಿತ ಬಳಿಕ ನಮ್ಮ ಕಥೆಯನ್ನೂ ಕೇಳಿದರು. ಈ ಋಣವನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಸ್ವಾಭಿಮಾನಕ್ಕೆ ಕುಂದಿಲ್ಲ.

ಜನರ ಮಾತನ್ನು ಲಕ್ಷಿಸದೆ ಬಂದ ಧರ್ಮೋಪದೇಶದ ಗತಿ ಏನಾಯಿತೆಂಬುದಕ್ಕೂ ನಮ್ಮ ನೆಲದಲ್ಲಿಯೇ ನಿದರ್ಶನವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆಯಲ್ಲಿ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳ ಉಪದೇಶವಿದೆ. ಅದಕ್ಕಿಂತ ಹಿತವಾದ ಮಾತು ಬೇರೆ ಯಾವುದಿದ್ದೀತು? ಆದರೆ ಅದು ಪ್ರಾಕೃತದಲ್ಲಿದೆ. ಈ ಸೀಮೆಯವರ ಮನೆಮಾತು ಅದಾಗಿರಲಿಲ್ಲ. ಕೆತ್ತಿದ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಅದೇ ಚಕ್ರವರ್ತಿ ಕಂದಹಾರದಲ್ಲಿ ತನ್ನ ಧರ್ಮವನ್ನು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಕೆತ್ತಿಸಿದ್ದನು; ಅಲ್ಲಿಯ ಜನರಿಗೆ ದೊರೆತ ಆ ಮನ್ನಣೆ ನಮ್ಮ ಪೂರ್ವಿಕರಿಗೆ ದೊರೆಯಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡು ಹೊರಗೆಡಹುವವರೆಗೆ ಈ ಬಂಡೆಗಳ ಸುತ್ತ ದನ ಕಾಯುತ್ತಿದ್ದವರಿಗೆ ಅದು ಬರಿಯ ಗೀಟುಗಳ ಸಾಲಾಗಿತ್ತು. ಇನ್ನೂರು ಪೀಳಿಗೆಗಳಿಗೆ ಸಾಲುವಷ್ಟು ಗಟ್ಟಿಯಾದ ಕಲ್ಲಿನಲ್ಲಿ ಬರೆದ ಮಾತು, ಕೇಳುವವನ ಕಿವಿಗೆ ಸೇರದೆ ಹೋಯಿತು.

ಬೈಬಲಿನ ಕಥೆಯೊಂದನ್ನು ಭಾರತದ ಭಾಷೆಗಳ ಅಳತೆಗೋಲಾಗಿ ಬಳಸಿದವರೂ ಇದ್ದಾರೆ. ಜಾರ್ಜ್ ಗ್ರಿಯರ್ಸನ್ನರು 1894ರಿಂದ 1928ರವರೆಗೆ ನಡೆಸಿದ ಭಾರತೀಯ ಭಾಷಾ ಸಮೀಕ್ಷೆಯಲ್ಲಿ, ತಂದೆಯನ್ನು ಬಿಟ್ಟು ಹೋಗಿ ಹಣವನ್ನೆಲ್ಲ ಹಾಳುಮಾಡಿ ಮರಳಿಬಂದ ಮಗನ ದೃಷ್ಟಾಂತವನ್ನು ಒಂದೊಂದು ನುಡಿಗೂ ಮಾಡಿಸಿ ಮಾದರಿಯಾಗಿ ಅಚ್ಚು ಹಾಕಿದರು. ಅನೇಕ ನುಡಿಗಳಲ್ಲಿ ಅದನ್ನು ಗ್ರಾಮಫೋನಿನಲ್ಲಿಯೂ ಮುದ್ರಿಸಿಕೊಂಡರು. ಆ ಧ್ವನಿಗಳು ಇಂದಿಗೂ ಕೇಳಸಿಗುತ್ತವೆ. ಆದರೆ ಮದರಾಸು ಪ್ರಾಂತ, ಹೈದರಾಬಾದು, ಮೈಸೂರು ಸಂಸ್ಥಾನಗಳು ಆ ಸಮೀಕ್ಷೆಯ ಮೇರೆಯಿಂದ ಹೊರಗುಳಿದುವು. ಚಳ್ಳಕೆರೆಯೂ ಮೊಳಕಾಲ್ಮೂರೂ ಅಂದು ಮೈಸೂರಿಗೆ ಸೇರಿದ್ದುವಷ್ಟೆ. ಹೀಗಾಗಿ ಈ ಸೀಮೆಯ ಹಟ್ಟಿಗಳ ದನಿ ಆ ಸಾಮ್ರಾಜ್ಯದ ಯಂತ್ರಕ್ಕೂ ಸಿಕ್ಕಲಿಲ್ಲ.

ಈಗಲಾದರೂ ಸಿಕ್ಕಿದೆಯೇ? ಇದೇ ಪ್ರಕೃತ ಪ್ರಶ್ನೆ.

ಈ ಎರಡು ತಾಲ್ಲೂಕುಗಳಲ್ಲಿ ಕಚೇರಿಯ ಭಾಷೆ ಕನ್ನಡ, ಪಾಠಶಾಲೆಯ ಭಾಷೆ ಕನ್ನಡ. ಆದರೆ ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನಾಡುವವರು ಬಹುಮಂದಿ. ಆ ತೆಲುಗೂ ಪುಸ್ತಕದ ತೆಲುಗಲ್ಲ. ಮ್ಯಾಸ ನಾಯಕರ ಹಟ್ಟಿಗಳಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ನಾಲಗೆಯ ಮೇಲೆ ಹೊರಳುತ್ತವೆ. ತಾಂಡಾಗಳಲ್ಲಿ ಲಂಬಾಣಿ. ಪೇಟೆಯ ಮುಸಲ್ಮಾನರಲ್ಲಿ ಉರ್ದು. ಕಾಡುಗೊಲ್ಲರದು ಕನ್ನಡವೇ, ಆದರೆ ಅವರ ಹಾಡಿನ ಕನ್ನಡವನ್ನು ಪೂರ್ತಿಯಾಗಿ ಬಿಡಿಸಿ ಅರ್ಥ ಹೇಳಬಲ್ಲ ಉಪಾಧ್ಯಾಯರು ಎಷ್ಟು ಮಂದಿ? ಮಳೆಯಿಲ್ಲದ ಈ ಬಯಲಿನಲ್ಲಿ ಹುಲ್ಲಿನ ಒಂದೊಂದು ಜಾತಿಗೆ, ದನದ ಒಂದೊಂದು ಬಣ್ಣಕ್ಕೆ, ಕುರಿಯ ಒಂದೊಂದು ಪ್ರಾಯಕ್ಕೆ ಬೇರೆ ಬೇರೆ ಹೆಸರುಗಳುಂಟು. ದನ ಕುರಿಗಳೊಡನೆ ಬದುಕಿದ ಜನರ ಶಾಸ್ತ್ರವೆಂದರೆ ಆ ಹೆಸರುಗಳೇ.

ಇದನ್ನು ಸರಕಾರ ಹೇಗೆ ಎಣಿಸಿದೆಯೆಂಬುದನ್ನು ನೋಡಿರಿ. 2011ರ ಜನಗಣತಿಯಲ್ಲಿ ಲಂಬಾಣಿ ನುಡಿ ತಮ್ಮದೆಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಮಿಕ್ಕಿದ್ದರು. ಗಣತಿಯ ಪಟ್ಟಿಯಲ್ಲಿ ಅವರೆಲ್ಲರನ್ನೂ ಹಿಂದಿಯ ಕೆಳಗೆ ಸೇರಿಸಲಾಯಿತು! ಮೈಸೂರಿನಲ್ಲಿ 1969ರಿಂದಲೂ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನವಿದೆ. ಅಳಿವಿನಂಚಿನ ನುಡಿಗಳನ್ನು ದಾಖಲಿಸುವ ಯೋಜನೆಯೊಂದನ್ನು ಅದು 2013ರಿಂದ ನಡೆಸುತ್ತಿದೆ. ಆದರೆ ಅದು ಹತ್ತು ಸಾವಿರಕ್ಕಿಂತ ಕಡಮೆ ಜನರಾಡುವ ಭಾಷೆಗಳಿಗೆ ಮಾತ್ರ. ಲಕ್ಷಗಟ್ಟಲೆ ಜನರಿದ್ದೂ ಲಿಪಿಯಿಲ್ಲದ ನುಡಿ, ದೊಡ್ಡ ಭಾಷೆಯದೇ ಪ್ರಾದೇಶಿಕ ರೂಪವಾದ ಹಟ್ಟಿಯ ನುಡಿ, ಇವು ಎಂಟನೆಯ ಪರಿಚ್ಛೇದದ ಇಪ್ಪತ್ತೆರಡು ಭಾಷೆಗಳಲ್ಲಿಯೂ ಬಾರವು, ಅಳಿವಿನಂಚಿನ ಪಟ್ಟಿಯಲ್ಲಿಯೂ ಬಾರವು. ಸರಕಾರದ ಪಟ್ಟಿಗಳ ನಡುವೆ ಹೀಗೆ ಬಿದ್ದುಹೋದ ಜನರ ಬಳಿಗೆ ಧ್ವನಿಮುದ್ರಣದ ಪೆಟ್ಟಿಗೆ ಹಿಡಿದು ಹೋದವನು ಮಿಷನರಿಯೊಬ್ಬನೇ ಆದರೆ, ತಪ್ಪು ಹೋದವನದೋ, ಹೋಗದವರದೋ?

ನಮ್ಮವರಲ್ಲಿ ಯಾರೂ ಹೋಗಲಿಲ್ಲವೆಂದರೆ ಅಸತ್ಯವಾದೀತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವನ್ನರಿಯದವರು. ಹಾಡಿದರೆ ದಿನಗಳೇ ಸಾಲದಷ್ಟು ಪದಗಳು ಅವರ ನೆನಪಿನಲ್ಲಿದ್ದುವು. ಪ್ರಾಧ್ಯಾಪಕ ಕೃಷ್ಣಮೂರ್ತಿ ಹನೂರರು ಆ ಹಟ್ಟಿಗೆ ಹೋಗಿ ಕುಳಿತು ಕೇಳಿ ಬರೆದುಕೊಂಡುದರಿಂದ ಅವು ಗ್ರಂಥವಾಗಿ ಉಳಿದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಅಜ್ಜಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿದರು. ಇಂದು ಸಿರಿಯಜ್ಜಿ ಇಲ್ಲ. ಅವರ ಪದಗಳು ಇವೆ. ಆದರೆ ಒಬ್ಬ ಅಜ್ಜಿಗೆ ಒಬ್ಬ ಹನೂರರು ದೊರೆತರು. ಉಳಿದ ಹಟ್ಟಿಗಳ ಅಜ್ಜಿಯರಿಗೆ ಯಾರು ದೊರೆತಾರು? ಗಣೆಯನ್ನೂದಿ ಜುಂಜಪ್ಪನ ಕಥೆ ಹಾಡುವವರು, ಉರುಮೆಯ ನಾದಕ್ಕೆ ಗಾದ್ರಿಪಾಲನಾಯಕನನ್ನು ನೆನೆಯುವವರು, ಮಕ್ಕಳಿಗೆ ಲಂಬಾಣಿಯಲ್ಲಿ ಕಥೆ ಹೇಳುವ ತಾಂಡಾದ ಮುದುಕಿಯರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಮಕ್ಕಳು ಬೆಂಗಳೂರಿಗೆ ಕೂಲಿಗೆ ಹೋದ ಮನೆಯಲ್ಲಿ ಹಾಡನ್ನು ಕಲಿಯುವವರಾರು? ಒಬ್ಬ ಹಾಡುಗಾರ ತೀರಿಕೊಂಡರೆ ಒಂದು ಗ್ರಂಥಭಂಡಾರಕ್ಕೆ ಬೆಂಕಿ ಬಿದ್ದಂತೆ. ಬೆಂಕಿಯಾದರೆ ಹೊಗೆಯಾದರೂ ಕಾಣುತ್ತದೆ, ಇದು ಅದೂ ಇಲ್ಲದೆ ಹೋಗುತ್ತಿದೆ.

ಇಲ್ಲಿ ಮಿಷನರಿಯ ಧ್ವನಿಮುದ್ರಣಕ್ಕೂ ಹನೂರರ ಸಂಗ್ರಹಕ್ಕೂ ಇರುವ ಅಂತರವನ್ನು ಸ್ಪಷ್ಟವಾಗಿ ಗುರುತಿಸಬೇಕು. ಮಿಷನರಿಯು ಜನರ ನಾಲಗೆಯನ್ನು ಪಡೆದು ತನ್ನ ಕಥೆಯನ್ನು ಹೇಳಿಸುತ್ತಾನೆ. ಆ ಕಥೆ ಈ ನೆಲಕ್ಕೆ ಎಲ್ಲೆಡೆಯೂ ಹೊಂದುವುದಿಲ್ಲ. ಕಳೆದುಹೋದ ಕುರಿಯನ್ನು ಹುಡುಕಿ ಹೆಗಲಮೇಲೆ ಹೊತ್ತುತಂದ ಕುರುಬನ ದೃಷ್ಟಾಂತವು ಕಂಬಳಿಯ ಸಂತೆಗೆ ಹೆಸರಾದ ಚಳ್ಳಕೆರೆಯಲ್ಲಿ ಯಾರಿಗೂ ತಟ್ಟನೆ ತಿಳಿದೀತು. ಆದರೆ ಮರಳಿಬಂದ ಮಗನ ಸಂತೋಷಕ್ಕಾಗಿ ತಂದೆ ಕೊಬ್ಬಿಸಿದ ಕರುವನ್ನು ಕೊಯ್ಯಿಸಿದನೆಂಬ ಮಾತನ್ನು, ದೇವರೆತ್ತುಗಳನ್ನು ಕಾಯುವುದನ್ನೇ ವ್ರತವಾಗಿ ಹಿಡಿದ ಮ್ಯಾಸರ ಕಿಲಾರಿಯು ಹೇಗೆ ಕೇಳಿಯಾನು? ಅನುವಾದದಿಂದ ಪರಕಥೆಗೆ ನಮ್ಮ ಮಾತು ಬರಬಹುದು. ಆ ಮಾತನ್ನು ಹುಟ್ಟಿಸಿದ ಬದುಕು ಬರುವುದಿಲ್ಲ. ಆದುದರಿಂದ ಭಾಷೆ ಉಳಿಯಬೇಕಾದರೆ ಅದರಲ್ಲಿ ಹೊರಗಿನವರ ಕಥೆ ಮುದ್ರಿತವಾದರೆ ಸಾಲದು. ಆ ಜನರೇ ಕಟ್ಟಿದ ಕಥೆ, ಅವರ ವೈದ್ಯ, ಗಾದೆ, ಲೆಕ್ಕ, ಜಗಳ, ಜೋಗುಳ ಮುದ್ರಿತವಾಗಬೇಕು. ಅದನ್ನು ಮಿಷನರಿ ಮಾಡಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದು ನಮ್ಮ ಕರ್ತವ್ಯ.

ಕನ್ನಡಾಭಿಮಾನಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರೆಂದು ನಾವು ಬಲ್ಲೆವು. ಗಡಿಸೀಮೆಯಲ್ಲಿ ತೆಲುಗಿಗೂ ಲಂಬಾಣಿಗೂ ಹೀಗೆ ನೀರೆರೆದರೆ ಕನ್ನಡದ ಗತಿಯೇನು? ಈ ಪತ್ರಿಕೆ ಕನ್ನಡದ ಪಕ್ಷವನ್ನು ಎಂದೂ ಬಿಟ್ಟುದಿಲ್ಲ, ಇಂದೂ ಬಿಡುವುದಿಲ್ಲ. ಆದರೆ ಹಿಂದಿಯ ಹೆಸರಿನಲ್ಲಿ ಕನ್ನಡವನ್ನು ಬದಿಗೊತ್ತಬೇಡಿರೆಂದು ದಿಲ್ಲಿಗೆ ಹೇಳುವ ನಾವು, ಕನ್ನಡದ ಹೆಸರಿನಲ್ಲಿ ತಾಂಡಾದ ಮಗುವಿನ ಬಾಯಿಗೆ ಬೀಗ ಹಾಕಿದರೆ ನಮ್ಮ ವಾದಕ್ಕೆ ಬಲವೆಲ್ಲಿಯದು? 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಘಟ್ಟದಲ್ಲಿ ಮಾತೃಭಾಷೆಯಲ್ಲಿ ಬೋಧಿಸುವ ಅನುಕೂಲತೆಯನ್ನು ಕಲ್ಪಿಸಲು ಯತ್ನಿಸಬೇಕೆಂದು ಹೇಳುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ನಾವು ಕೇಳುವ ನ್ಯಾಯವೂ ಇದೇ. ಅಲ್ಲಿ ಬೇಡುವ ನ್ಯಾಯವನ್ನು ಇಲ್ಲಿ ನೀಡಬೇಡವೇ? ತನ್ನ ತಾಯಿಯ ಮಾತಿಗೆ ಪಾಠಶಾಲೆಯಲ್ಲಿ ಮರ್ಯಾದೆಯಿದೆಯೆಂದು ಕಂಡ ಮಗು ಕನ್ನಡವನ್ನು ಪ್ರೀತಿಯಿಂದ ಕಲಿತೀತು. ಅವಮಾನಗೊಂಡ ಮಗು ಎರಡನ್ನೂ ಬಿಟ್ಟು ಇಂಗ್ಲಿಷಿನ ಕಡೆಗೆ ಓಡೀತು. ಕನ್ನಡಕ್ಕೆ ಅಪಾಯ ತಾಂಡಾದಿಂದಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕಟ್ಟಡವಾಗಲಿ ಹೊಸ ಅಕಾಡೆಮಿಯಾಗಲಿ ಬೇಡ. ಬೇಕಾದ ಯಂತ್ರವು ಇಂದು ಪ್ರತಿಯೊಬ್ಬ ಕಾಲೇಜು ವಿದ್ಯಾರ್ಥಿಯ ಜೇಬಿನಲ್ಲಿದೆ. ಮೊದಲನೆಯದಾಗಿ, ಎರಡೂ ತಾಲ್ಲೂಕುಗಳ ಹಟ್ಟಿ ತಾಂಡಾಗಳಲ್ಲಿ ಹಾಡು ಕಥೆಗಳನ್ನು ಬಲ್ಲ ಹಿರಿಯರು ಯಾರು ಯಾರಿದ್ದಾರೆಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯವರೂ ಉಪಾಧ್ಯಾಯರೂ ಸೇರಿ ಒಂದು ವರ್ಷದೊಳಗೆ ಸಿದ್ಧಪಡಿಸಲಿ. ಎರಡನೆಯದಾಗಿ, ಪದವಿ ಕಾಲೇಜಿನ ಕನ್ನಡ ವಿಭಾಗದವರು ಆ ಆ ಸಮುದಾಯದ ವಿದ್ಯಾರ್ಥಿಗಳನ್ನೇ ಈ ಕೆಲಸಕ್ಕೆ ಕಳುಹಿಸಲಿ. ಮೊಮ್ಮಗನೇ ಬಂದು ಕೇಳಿದರೆ ಅಜ್ಜಿ ಹಾಡುವ ರೀತಿಯೇ ಬೇರೆ. ಮೂರನೆಯದಾಗಿ, ಹಾಡಿದವರ ಒಪ್ಪಿಗೆಯಿಲ್ಲದೆ ಏನನ್ನೂ ಮುದ್ರಿಸಬಾರದು. ದೇವರ ಗುಡಿಯ ಒಳಗೆ ಮಾತ್ರ ಹಾಡತಕ್ಕುದನ್ನು ಹೊರಗೆ ಹರಡಬಾರದು. ದಿನದ ಕೂಲಿ ಬಿಟ್ಟು ಹಾಡಿದವರಿಗೆ ಕೂಲಿಗೆ ಕಡಮೆಯಿಲ್ಲದ ಸಂಭಾವನೆ ಸಲ್ಲಬೇಕು. ಶಾಲು ಹೊದಿಸಿ ಕಳುಹಿಸುವುದು ಸಂಭಾವನೆಯಲ್ಲ. ನಾಲ್ಕನೆಯದಾಗಿ, ಮುದ್ರಿಕೆಯ ಒಂದು ಪ್ರತಿ ಆ ಹಟ್ಟಿಯಲ್ಲಿಯೇ, ಒಂದು ತಾಲ್ಲೂಕಿನ ಗ್ರಂಥಾಲಯದಲ್ಲಿ, ಒಂದು ಹಂಪಿಯ ವಿಶ್ವವಿದ್ಯಾಲಯದಲ್ಲಿ ಇರಲಿ. ಐದನೆಯದಾಗಿ, ಒಂದನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ದಿನ ಅವರ ಮನೆಮಾತಿನ ಕಥೆಯೊಂದನ್ನು ಕೇಳಿಸಿ, ಅದನ್ನೇ ಕನ್ನಡದಲ್ಲಿ ಹೇಳಿಸಲಿ. ಮಿಷನರಿಗಳು ನಡುಭಾಷೆಯಿಂದ ಮಾಡಿದ ಉಪಾಯವೇ ಇದು. ನಮ್ಮ ಕೈಯಲ್ಲಿ ಇದು ವಿದ್ಯೆಯ ಉಪಾಯವಾಗಲಿ.

ಚಳ್ಳಕೆರೆಯ ಕಾವಲುಗಳಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ರಕ್ಷಣಾ ಸಂಶೋಧಕರ ವಿಮಾನ ಪರೀಕ್ಷಾ ಕ್ಷೇತ್ರವಿದೆ. ದೂರದ ಆಕಾಶದಲ್ಲಿ ಹಾರುವ ಯಂತ್ರದ ಸಂಜ್ಞೆಯನ್ನು ಹಿಡಿಯುವ ಕಿವಿಗಳು ಆ ಬಯಲಿನಲ್ಲಿವೆ. ಆ ಬಯಲಿನಲ್ಲಿಯೇ ತಲೆತಲಾಂತರದಿಂದ ದನ ಮೇಯಿಸಿದವರ ಹಾಡನ್ನು ಹಿಡಿಯುವ ಕಿವಿ ಮಾತ್ರ ಇಲ್ಲವೆಂದರೆ ಅದು ತಾಲ್ಲೂಕಿನ ಬಡತನವಲ್ಲ, ಮನಸ್ಸಿನ ಬಡತನ. ಈ ಮಾತನ್ನು ನಾವು ತಹಶೀಲ್ದಾರರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಹೇಳುತ್ತಿದ್ದೇವೆ. ಮತಾಂತರದ ವಿರುದ್ಧ ಮೆರವಣಿಗೆ ಹೊರಡಿಸುವ ಮಹನೀಯರಿಗೂ ಹೇಳುತ್ತಿದ್ದೇವೆ. ಮೆರವಣಿಗೆ ಪೇಟೆಯ ಬೀದಿಯಲ್ಲಿ ಸುತ್ತಿ ಸಂಜೆಗೆ ಮನೆ ಸೇರುತ್ತದೆ, ತಾಂಡಾದವರೆಗೆ ಹೋಗುವುದಿಲ್ಲ. ಹೋಗಿ, ಜಗಲಿಯ ಮೇಲೆ ಕುಳಿತು, ‘ಅವ್ವಾ, ನಿನ್ನ ಕಥೆ ಹೇಳು’ ಎಂದು ಕೇಳಿದವನಿಗೆ ಮಾತ್ರ ಆ ಜನರ ವಿಶ್ವಾಸ ದೊರೆಯುತ್ತದೆ. ಪರದೇಶದಿಂದ ಬಂದವನು ಅದನ್ನು ಅರಿತನು. ಪಕ್ಕದ ಬೀದಿಯವರಾದ ನಾವು ಅರಿಯಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಜನರು ಇಂದಿಗೂ ಹೇಳುವ ಮಾತು, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು. ಕೆರೆ ಕಟ್ಟಿದವರಿಗೆ ದುಡಿದಷ್ಟು ಕೂಲಿ ಸಲ್ಲಲೆಂಬುದು ಅದರ ತಾತ್ಪರ್ಯ. ಭಾಷೆಯ ಕೆಲಸಕ್ಕೂ ಅದೇ ನಿಯಮ. ಅನ್ಯರು ದುಡಿದರು, ಅವರಿಗೆ ಅವರ ಪಾಲು ಸಂದಿತು. ನಮ್ಮ ಪಾಲನ್ನು ಕೇಳುವುದಕ್ಕೆ ಮೊದಲು ನಾವೂ ಅಷ್ಟು ದೂರ ನಡೆದು ಹೋಗೋಣ.